ಸಂತೆ ತರಕಾರಿ, ವಾರದ ಅಡುಗೆ: ಹಾಸನದ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಮಂಗಳವಾರ ಸಂತೆ. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ತರಕಾರಿ ದಿನಾ ಸಿಗುತ್ತದೆ, ಹಾಪ್‌ಕಾಮ್ಸ್ ಮಳಿಗೆಯೂ ಇದೆ. ಆದರೆ ಸುತ್ತಲಿನ ಹಳ್ಳಿಯವರು ತಾವೇ ಬೆಳೆದದ್ದನ್ನು ತಂದು, ಗೋಣಿಚೀಲ ಹಾಸಿ, ಗುಡ್ಡೆ ಮಾಡಿ ಕೂರುವುದು ಸಂತೆಯಲ್ಲಿ. ಅಲ್ಲಿಂದ ಚೀಲ ತುಂಬಿಕೊಂಡು ಬಂದ ಮೇಲೆ ಏನು ಮಾಡುವುದು ಅಂತ ಕೇಳುವವರು ತುಂಬಾ ಜನ. ಸಂಜೆ ಆರಕ್ಕೆ ಕೆಲಸ ಮುಗಿಸಿ ಬಂದು, ಎಂಟಕ್ಕೆ ಎಲ್ಲರಿಗೂ ಬಡಿಸಬೇಕಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಉತ್ತರ ಬರೆದಿದ್ದೇನೆ.

ಸಂತೆಗೆ ಹೋಗುವ ಮೊದಲು ವಾರದ ಅಡುಗೆ ಪಟ್ಟಿ ಬರೆದುಕೊಳ್ಳಬೇಕಾ?

ಬೇಡ. ಪಟ್ಟಿಯಲ್ಲಿ ಬೀನ್ಸ್ ಅಂತ ಇದ್ದರೆ ಬಾಡಿದ ಬೀನ್ಸನ್ನೂ ತಂದುಬಿಡುತ್ತೀರಿ. ಪಕ್ಕದಲ್ಲೇ ಆ ದಿನ ಬೆಳಿಗ್ಗೆ ಕಿತ್ತ ಹೀರೆಕಾಯಿ ಇದ್ದರೂ ಅದರ ಕಡೆ ನೋಡುವುದಿಲ್ಲ. ಯಾವುದು ಚೆನ್ನಾಗಿ ಬಂದಿದೆಯೋ ಅದನ್ನು ಕೊಳ್ಳಿ, ಆಮೇಲೆ ಏನು ಮಾಡುವುದು ಅಂತ ಯೋಚಿಸಿ. ವಾರದ ಅಡುಗೆ ಸುಲಭ ಆಗುವುದು ಹೀಗೆ ಅಂತಲೇ ನನ್ನ ನಂಬಿಕೆ. ತಾಜಾ ತರಕಾರಿಗೆ ಮಸಾಲೆ ಕಡಿಮೆ ಸಾಕು, ಮಸಾಲೆ ಕಡಿಮೆಯಾದರೆ ಕೆಲಸವೂ ಕಡಿಮೆ.

ಹಾಗಂತ ಕೈಗೆ ಸಿಕ್ಕಿದ್ದೆಲ್ಲ ತುಂಬಿಕೊಂಡು ಬರಬಾರದು. ನಾಲ್ಕು ಜನರ ಮನೆಗೆ ನಾನು ಇಟ್ಟುಕೊಂಡಿರುವ ಲೆಕ್ಕ ಇದು: ಎರಡು ಥರ ಸೊಪ್ಪು, ಒಂದು ಬಳ್ಳಿಯ ತರಕಾರಿ, ಒಂದು ಹಸಿ ಕಾಳು ಇಲ್ಲವೇ ಬೀನ್ಸ್ ಜಾತಿಯದ್ದು, ಒಂದು ಗೆಡ್ಡೆ. ಜೊತೆಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು, ತೆಂಗಿನಕಾಯಿ. ಹೆಸರು ಅಲ್ಲೇ ತೀರ್ಮಾನವಾಗಲಿ. ಸೊಪ್ಪು ಅಂದರೆ ದಂಟೂ ಆಗಬಹುದು, ಕೀರೆಯೂ ಆಗಬಹುದು, ಮೆಂತ್ಯವೂ ಆಗಬಹುದು.

ಮೊದಲ ಸುತ್ತಿನಲ್ಲಿ ಏನೂ ಕೊಳ್ಳಬೇಡಿ. ಸುಮ್ನೆ ನೋಡಿಕೊಂಡು ಬನ್ನಿ. ಎರಡನೇ ಸುತ್ತಿನಲ್ಲಿ ಚೀಲ ಬಿಚ್ಚಿ.

ತಾಜಾ ಇದೆಯಾ ಅಂತ ಹೇಗೆ ಗೊತ್ತಾಗುತ್ತದೆ?

ಬೆಂಡೆಕಾಯಿಯ ತುದಿ ಮುರಿದರೆ ಚಟ್ ಅನ್ನಬೇಕು, ಬಾಗಿದರೆ ಬಲಿತಿದೆ ಅಂತ ಅರ್ಥ. (ಮಾರುವವರು ನೋಡುತ್ತಿರುವಾಗಲೇ ಹತ್ತಾರು ಮುರಿದು ಹಾಕಬೇಡಿ. ಒಂದು ಸಾಕು.) ಬದನೆಕಾಯಿ ಹೊಳೆಯಬೇಕು, ತೊಟ್ಟು ಹಸಿರಾಗಿರಬೇಕು. ಗಾತ್ರಕ್ಕೆ ಹಗುರವಾಗಿದ್ದರೆ ಒಳಗೆ ಬೀಜ ಕಡಿಮೆ. ಸೋರೆಕಾಯಿ ಎಳೆಯದಾದರೆ ಉಗುರು ಸಲೀಸಾಗಿ ಇಳಿಯುತ್ತದೆ. ಸೊಪ್ಪನ್ನು ಮಾತ್ರ ಎಲೆ ನೋಡಿ ಕೊಳ್ಳಬೇಡಿ. ನೀರು ಚಿಮುಕಿಸಿದರೆ ಎಂಥ ಎಲೆಯೂ ಹೊಸದರ ಹಾಗೆ ಕಾಣುತ್ತದೆ. ಕಟ್ಟನ್ನು ತಿರುಗಿಸಿ ಬೇರಿನ ಕಡೆ, ದಾರ ಕಟ್ಟಿದ ಜಾಗ ನೋಡಿ. ಕೊಳೆಯಲು ಶುರುವಾಗುವುದು ಅಲ್ಲಿಂದ.

ಗೊತ್ತಿಲ್ಲದ ಸೊಪ್ಪು ಕಂಡರೆ ಕೇಳಿ. "ಅಕ್ಕಾ, ಇದನ್ನ ನಿಮ್ಮನೇಲಿ ಹೇಗೆ ಮಾಡ್ತೀರ?" ಅಂತ ಕೇಳಿದರೆ ಬೇಸರ ಮಾಡಿಕೊಳ್ಳುವವರು ಕಡಿಮೆ. ಹೊನಗೊನ್ನೆ, ಅಣ್ಣೆ, ಗಣಿಕೆ ಸೊಪ್ಪುಗಳ ಅಡುಗೆ ಪುಸ್ತಕಕ್ಕಿಂತ ಅವರ ಬಾಯಲ್ಲೇ ಚೆನ್ನಾಗಿ ಸಿಗುತ್ತದೆ.

ಬೆಳಿಗ್ಗೆ ಹೋಗುವುದು ಒಳ್ಳೆಯದಾ, ಸಂಜೆಯಾ?

ಸೊಪ್ಪು ಬೇಕಿದ್ದರೆ ಬೆಳಿಗ್ಗೆ. ಗೆಡ್ಡೆ, ಕುಂಬಳ, ಈರುಳ್ಳಿ ಸಂಜೆಯಾದರೂ ನಡೆಯುತ್ತದೆ, ಬೆಲೆಯೂ ಇಳಿದಿರುತ್ತದೆ. ಕೆಲಸಕ್ಕೆ ಹೋಗುವವರಿಗೆ ಸಂಜೆಯೇ ಗತಿ. ಆಗ ಸೊಪ್ಪನ್ನು ಅದೇ ರಾತ್ರಿ ಬೇಯಿಸುವಷ್ಟು ಮಾತ್ರ ತನ್ನಿ. ಕತ್ತಲಾಗುವ ಹೊತ್ತಿಗೆ ಚೌಕಾಸಿ ಮಾಡುವವರಿಗೆ ಒಂದು ಮಾತು: ಮುಂದೆ ಕೂತಿರುವವರು ಬೆಳೆದವರೇ ಆಗಿದ್ದು, ಹೊರೆ ವಾಪಸ್ ಹೊತ್ತುಕೊಂಡು ಹೋಗಬೇಕಾಗಿದ್ದರೆ, ಐದು ರೂಪಾಯಿಗೆ ಜಗ್ಗಾಡಬೇಡಿ. ನಾಟಿಯಿಂದ ಬಸ್ ಚಾರ್ಜಿನವರೆಗೆ ಎಲ್ಲ ಖರ್ಚೂ ಅವರದ್ದೇ.

ಮಂಗಳವಾರ ತಂದದ್ದು ಸೋಮವಾರದವರೆಗೆ ಹೇಗೆ ಬರುತ್ತದೆ?

ಬೇಗ ಕೆಡುವುದನ್ನು ಮೊದಲು ತಿನ್ನಿ. ನಿಯಮ ಇಷ್ಟೇ. ಆದರೂ ಸುಮಾರು ಮನೆಗಳಲ್ಲಿ ಇದು ಉಲ್ಟಾ ನಡೆಯುತ್ತದೆ. ಆಲೂಗಡ್ಡೆ ಪಲ್ಯ ಸುಲಭ ಅಂತ ಬುಧವಾರವೇ ಮಾಡಿಬಿಡುತ್ತಾರೆ, ಶುಕ್ರವಾರ ನೋಡಿದರೆ ಮೆಂತ್ಯ ಸೊಪ್ಪು ಹಳದಿಯಾಗಿರುತ್ತದೆ.

ಮಂಗಳವಾರ ರಾತ್ರಿ ಸೊಪ್ಪಿನ ಬಸ್ಸಾರು ಮಾಡಿ. ಬುಧವಾರ ರಾತ್ರಿಗೆ ಅದೇ ಸಾರು, ಬೆಳಿಗ್ಗೆಗೆ ಇನ್ನೊಂದು ಸೊಪ್ಪಿನ ರೊಟ್ಟಿ. ಗುರುವಾರ ಹೀರೆಕಾಯಿ ಇಲ್ಲವೇ ಪಡವಲಕಾಯಿ. ನೀರಿನಂಶ ಜಾಸ್ತಿ ಇರುವ ಇವು ಮೂರ್ನಾಲ್ಕು ದಿನದಲ್ಲಿ ಮೆತ್ತಗಾಗುತ್ತವೆ. ಹೀರೆಕಾಯಿಯ ಸಿಪ್ಪೆ ಎಸೆಯಬೇಡಿ. ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಸೆ, ಕಾಯಿ ಜೊತೆ ಹುರಿದು ರುಬ್ಬಿದರೆ ಒಂದು ದಿನದ ಚಟ್ನಿ. ಶುಕ್ರವಾರ ಬೀನ್ಸ್ ಅಥವಾ ಬದನೆಕಾಯಿ. ಶನಿವಾರ, ಭಾನುವಾರ ಗೆಡ್ಡೆಕೋಸು, ಮೂಲಂಗಿ, ಎಲೆಕೋಸು, ಹುಳಿಗೋ ಸಾಗುವಿಗೋ. ಸೋಮವಾರಕ್ಕೆ ಆಲೂಗಡ್ಡೆ, ಸಿಹಿಗುಂಬಳ, ಈರುಳ್ಳಿ ಗೊಜ್ಜು. ಕತ್ತರಿಸದ ಸಿಹಿಗುಂಬಳ ವಾರಗಟ್ಟಲೆ ಇರುತ್ತದೆ. ಹೋಳು ಕೊಂಡಿದ್ದರೆ ಮಾತ್ರ ಎರಡು ಮೂರು ದಿನದಲ್ಲಿ ಮುಗಿಸಿ.

ಮೂಲಂಗಿಗೆ ಸೊಪ್ಪು ಇದ್ದರೆ ಬಂದ ದಿನವೇ ಬೇರೆ ಮಾಡಿ. ಇಲ್ಲದಿದ್ದರೆ ಎಲೆ ಗೆಡ್ಡೆಯ ನೀರನ್ನೆಲ್ಲ ಎಳೆದುಕೊಂಡು ಗೆಡ್ಡೆ ಬೆಂಡಾಗುತ್ತದೆ. ಆ ಸೊಪ್ಪೂ ಪಲ್ಯಕ್ಕೆ ಬರುತ್ತದೆ.

ಫ್ರಿಜ್‌ನಲ್ಲಿ ಇಟ್ಟರೂ ಸೊಪ್ಪು ಕೊಳೆಯುತ್ತದೆ. ಯಾಕೆ?

ಒದ್ದೆ ಇರುವುದರಿಂದ. ತೊಳೆದು ಇಡಬೇಡಿ. ದಾರ ಬಿಚ್ಚಿ, ಹಳದಿ ಎಲೆ ತೆಗೆದು, ಬೇರು ಕತ್ತರಿಸಿ, ಪೇಪರ್ ಮೇಲೆ ಸ್ವಲ್ಪ ಹೊತ್ತು ಹರಡಿ. ನೀರು ಆರಿದ ಮೇಲೆ ಒಣ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಇಡಿ. ಫ್ರಿಜ್ ಇಲ್ಲದಿದ್ದರೆ ಬೇರು ಕತ್ತರಿಸಬೇಡಿ. ಕಟ್ಟನ್ನು ಹಾಗೇ ನೀರಿನ ಪಾತ್ರೆಯಲ್ಲಿ ಬೇರು ಮುಳುಗುವಂತೆ ನಿಲ್ಲಿಸಿ, ಮರುದಿನಕ್ಕೆ ಏನೂ ಆಗುವುದಿಲ್ಲ. ಕರಿಬೇವನ್ನು ಕಡ್ಡಿಯಿಂದ ಬಿಡಿಸಿ ಒಣ ಡಬ್ಬಿಗೆ ಹಾಕಿ. ಟೊಮೆಟೊ ಕಾಯಿಯಾಗಿದ್ದರೆ ಹೊರಗೇ ಹಣ್ಣಾಗಲಿ.

ಔಷಧಿ ಹೊಡೆದಿರುತ್ತಾರಲ್ಲ, ತೊಳೆಯುವುದು ಹೇಗೆ?

ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದರೆ ಮೇಲ್ಮೈಯಲ್ಲಿರುವುದು ಬಹಳಷ್ಟು ಹೋಗುತ್ತದೆ. ಗಿಡವೇ ಹೀರಿಕೊಂಡ ಔಷಧಿ ಯಾವ ತೊಳೆತಕ್ಕೂ ಹೋಗುವುದಿಲ್ಲ. ಸೋಪು ಹಾಕಬೇಡಿ. ಸೊಪ್ಪನ್ನು ದೊಡ್ಡ ಪಾತ್ರೆಯಲ್ಲಿ ಮುಳುಗಿಸಿ ಅಲ್ಲಾಡಿಸಿ, ಮೇಲಿನಿಂದ ಎತ್ತಿಕೊಳ್ಳಿ. ಪಾತ್ರೆ ಬಗ್ಗಿಸಿದರೆ ತಳದ ಮಣ್ಣು ಮತ್ತೆ ಸೊಪ್ಪಿಗೇ ಬರುತ್ತದೆ. ಮಳೆಗಾಲದಲ್ಲಿ ಮೂರು ಸಲ ಹೀಗೆ ಮಾಡಬೇಕಾಗುತ್ತದೆ. ಹೂಕೋಸನ್ನು ಬಿಡಿಸಿ, ಬಿಸಿ ಉಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಹುಳ ಹೊರಬರುತ್ತದೆ. ತೊಳೆದ ಮೇಲೆ ಹೆಚ್ಚಿ. ಹೆಚ್ಚಿ ನೆನೆಹಾಕಿದರೆ ನೀರಿನಲ್ಲಿ ಕರಗುವ ಸತ್ವ ಆ ನೀರಿನ ಜೊತೆ ಚರಂಡಿ ಸೇರುತ್ತದೆ.

ಬಸ್ಸಾರು ವಾರದ ದಿನಕ್ಕೆ ಆಗುವಂಥದ್ದಾ? ತುಂಬಾ ಕೆಲಸ ಅನ್ನುತ್ತಾರೆ.

ವಾರದ ದಿನಕ್ಕೇ ಹೇಳಿ ಮಾಡಿಸಿದ ಅಡುಗೆ. ಒಂದೇ ಸಲ ಬೇಯಿಸಿದ್ದರಲ್ಲಿ ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ. ಸೊಪ್ಪು ಬೆಂದ ನೀರನ್ನು ಚೆಲ್ಲದೆ ಅದನ್ನೇ ಸಾರು ಮಾಡುವುದರಿಂದ ನೀರಿಗೆ ಇಳಿದ ಸತ್ವ ಹೊಟ್ಟೆಗೇ ಬರುತ್ತದೆ. ಇಷ್ಟು ಬುದ್ಧಿವಂತಿಕೆಯ ಅಡುಗೆ ನಮ್ಮ ಸೀಮೆಯಲ್ಲಿ ದಿನಬಳಕೆಯಲ್ಲಿದೆ ಅನ್ನುವುದೇ ನನಗೆ ಹೆಮ್ಮೆ.

ನಾಲ್ಕು ಜನಕ್ಕೆ ಅರ್ಧ ಲೋಟ ತೊಗರಿಬೇಳೆ ಸಾಕು. ಹಸಿ ಅಲಸಂದೆ ಕಾಳು ಸಿಕ್ಕಿದರೆ ಇನ್ನೂ ರುಚಿ. ಐದಾರು ಲೋಟ ನೀರು ಕುದಿಸಿ ಬೇಳೆ ಹಾಕಿ. ಕುಕ್ಕರ್ ಬೇಡ, ತೆರೆದ ಪಾತ್ರೆ. ಬೇಳೆಯನ್ನು ಬೆರಳಲ್ಲಿ ಒತ್ತಿದರೆ ಒಡೆಯಬೇಕು, ಆದರೆ ಕರಗಬಾರದು. ಆ ಹಂತದಲ್ಲಿ ಹೆಚ್ಚಿದ ಎರಡು ಕಟ್ಟು ಸೊಪ್ಪು, ಉಪ್ಪು ಹಾಕಿ. ದಂಟಿನ ಸೊಪ್ಪಾದರೆ ದಂಟನ್ನು ಮೊದಲು, ಎಲೆಯನ್ನು ಆಮೇಲೆ. ಎಲೆ ಹಾಕಿದ ಮೇಲೆ ಐದು ನಿಮಿಷ ಸಾಕು. ಮುಚ್ಚಳ ಮುಚ್ಚದಿದ್ದರೆ ಹಸಿರು ಉಳಿಯುತ್ತದೆ. ನಂತರ ಬಸಿಯಿರಿ.

ಬೇಳೆ ಬೇಯುವ ಹೊತ್ತಿನಲ್ಲೇ ಖಾರದ ಕೆಲಸ ಮುಗಿಯುತ್ತದೆ. ಸ್ವಲ್ಪ ಎಣ್ಣೆಯಲ್ಲಿ ಒಂದು ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಏಳೆಂಟು ಕಾಳುಮೆಣಸು, ನಾಲ್ಕೈದು ಒಣಮೆಣಸಿನಕಾಯಿ ಹುರಿಯಿರಿ. ಮನೆಯಲ್ಲಿ ಸಾರಿನ ಪುಡಿ ಇದ್ದರೆ ಒಣಮೆಣಸಿನಕಾಯಿಯ ಬದಲು ಅದನ್ನೇ ಎರಡು ಚಮಚ ಹಾಕಿ. ಕಾಯಿತುರಿ, ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಕೊತ್ತಂಬರಿ ಸೇರಿಸಿ ರುಬ್ಬಿ. ರುಬ್ಬುವಾಗ ಬೆಂದ ಸೊಪ್ಪು-ಬೇಳೆಯಿಂದ ಎರಡು ಚಮಚ ಹಾಕುವುದನ್ನು ಬಿಡಬೇಡಿ, ಸಾರಿಗೆ ಮೈ ಬರುವುದು ಅದರಿಂದ. ಇದನ್ನು ಬಸಿದ ನೀರಿಗೆ ಹಾಕಿ ಚೆನ್ನಾಗಿ ಕುದಿಸಿ ಒಗ್ಗರಣೆ ಕೊಡಿ. ಉಳಿದ ಸೊಪ್ಪು-ಬೇಳೆಗೆ ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ, ಮೇಲೆ ಕಾಯಿತುರಿ. ಪಲ್ಯ ಆಯಿತು. ಮುದ್ದೆಗೆ ಮೊದಲು, ಅನ್ನಕ್ಕೆ ಆಮೇಲೆ. ಮರುದಿನದ ಬಸ್ಸಾರಿನ ರುಚಿ ಮೊದಲ ದಿನಕ್ಕೆ ಬರುವುದಿಲ್ಲ.

ಅಷ್ಟೂ ರುಬ್ಬಲು ಟೈಮ್ ಇಲ್ಲದ ದಿನ?

ಉಪ್ಸಾರು ಮಾಡಿ. ಬೇಯಿಸಿ ಬಸಿಯುವವರೆಗೆ ಎಲ್ಲ ಹಾಗೇ. ಖಾರವನ್ನು ಮಾತ್ರ ಹುರಿಯಬೇಕಾಗಿಲ್ಲ, ಕುದಿಸಬೇಕಾಗಿಯೂ ಇಲ್ಲ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆ, ಉಪ್ಪು ಸೇರಿಸಿ ಗಟ್ಟಿಯಾಗಿ ರುಬ್ಬಿ. ತಟ್ಟೆಯಲ್ಲಿ ಬಿಸಿ ಬಸಿದ ನೀರು ಬಿಟ್ಟುಕೊಂಡು, ಎಷ್ಟು ಬೇಕೋ ಅಷ್ಟು ಖಾರ ಕಲಸಿಕೊಳ್ಳುವುದು. ಮಕ್ಕಳಿಗೆ ಕಡಿಮೆ, ದೊಡ್ಡವರಿಗೆ ಜಾಸ್ತಿ. ಒಂದೇ ಪಾತ್ರೆಯಲ್ಲಿ ಎಲ್ಲರಿಗೂ ಆಯಿತಲ್ವಾ? ಈ ಖಾರ ಫ್ರಿಜ್‌ನಲ್ಲಿ ಕೆಲವು ದಿನ ಇರುತ್ತದೆ.

ಅದಕ್ಕೂ ಪುರುಸೊತ್ತಿಲ್ಲ ಅಂದರೆ ಮಸ್ಸೊಪ್ಪು. ಸೊಪ್ಪು, ತೊಗರಿಬೇಳೆ, ಟೊಮೆಟೊ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲ ಕುಕ್ಕರಿಗೆ ಹಾಕಿ ಎರಡು ಮೂರು ವಿಷಲ್ ಕೂಗಿಸಿ, ಕಡೆಗೋಲಿನಲ್ಲಿ ಮಸೆದು ಒಗ್ಗರಣೆ ಹಾಕಿ. ಬೆರಕೆ ಸೊಪ್ಪು ಇದ್ದರೆ ಇದಕ್ಕೇ ಹಾಕಿ, ರುಚಿ ಬೇರೆಯೇ ಬರುತ್ತದೆ.

ಮುದ್ದೆ ಗಂಟು ಕಟ್ಟುತ್ತದೆ. ಏನು ಮಾಡಲಿ?

ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಒಂದು ಚಮಚ ಹಿಟ್ಟನ್ನು ಮೊದಲೇ ತಣ್ಣೀರಿನಲ್ಲಿ ಕದಡಿ ಕುದಿಯುವ ನೀರಿಗೆ ಸೇರಿಸಿ. ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಂತೆ ಸುರಿದು, ತಿರುವದೆ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಲು ಬಿಡಿ. ಆಮೇಲೆ ಕೋಲು ಹಾಕಿ ಜೋರಾಗಿ ತಿರುವಿ. ಬೇಗ ತಿರುವಿದರೆ ಗಂಟು ಬರುತ್ತದೆ.

ಅವರೆಕಾಯಿ ಕಾಲದಲ್ಲಿ ದಿನಾ ಅದನ್ನೇ ಮಾಡಬೇಕಾ?

ಮಾಡಬೇಕು! ಚಳಿ ಶುರುವಾಗಿ ಸಂಕ್ರಾಂತಿ ಆಚೀಚೆಯವರೆಗೆ ಮಾತ್ರ ಸೊಗಡಿನ ಕಾಯಿ ಸಿಗುತ್ತದೆ. ಉಳಿದ ತಿಂಗಳಲ್ಲಿ ಬರುವ ಕಾಯಿಗೆ ಆ ಘಮ ಇಲ್ಲ. ಕೊಳ್ಳುವಾಗ ಕಾಯಿಯನ್ನು ಉಜ್ಜಿ ಕೈ ಮೂಸಿ ನೋಡಿ. ಬೆರಳಿಗೆ ಅಂಟಂಟಾದ ಎಣ್ಣೆಯ ವಾಸನೆ ಉಳಿದರೆ ಅದೇ ಸೊಗಡು.

ಸುಲಿಯುವುದು ಮನೆಮಂದಿಯೆಲ್ಲ ಕೂತು ಮಾಡುವ ಕೆಲಸ. ಒಬ್ಬರ ತಲೆಗೇ ಕಟ್ಟಬೇಡಿ. ಊಟದ ನಂತರ ಎಲ್ಲರೂ ಕೈ ಹಾಕಿದರೆ ಎರಡು ಕೇಜಿ ಗೊತ್ತಾಗದ ಹಾಗೆ ಮುಗಿಯುತ್ತದೆ. ಎಳೆ ಕಾಳನ್ನು ಮೆಂತ್ಯ ಸೊಪ್ಪಿನ ಜೊತೆ ಪಲ್ಯ ಮಾಡಿ, ಉಪ್ಪಿಟ್ಟಿಗೆ, ಅಕ್ಕಿ ರೊಟ್ಟಿಗೆ ಹಾಕಿ. ಬಲಿತ ಕಾಳಿಗೆ ಬದನೆಕಾಯಿ, ಆಲೂಗಡ್ಡೆ ಸೇರಿಸಿ ಸಾರು. ಹಿತಕಿದ ಬೇಳೆ ಬೇಕೆಂದರೆ ಕಾಳನ್ನು ಬೆಳಿಗ್ಗೆ ನೀರಿಗೆ ಹಾಕಿ ಹೋಗಿ, ಸಂಜೆ ಹಿತುಕಿದರೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ವಾರದ ದಿನಕ್ಕೆ ಇದು ಸ್ವಲ್ಪ ಜಾಸ್ತಿ ಕೆಲಸ, ಒಪ್ಪುತ್ತೇನೆ. ಆದರೆ ವರ್ಷಕ್ಕೆ ಒಂದೇ ಸಲ ಬರುವ ಕಾಯಿ. ಕಾಳನ್ನು ಹಸಿಯಾಗಿ ತಿನ್ನಬಾರದು, ಪೂರ್ತಿ ಬೇಯಬೇಕು. ಸುಲಿದ ಕಾಳು ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಘಮ ಮಾತ್ರ ಕಡಿಮೆಯಾಗುತ್ತದೆ.

ಹಾಸನದ ಹೊಸ ಆಲೂಗಡ್ಡೆ ಬೇಗ ಕೆಡುತ್ತದೆ ಅನ್ನುತ್ತಾರೆ, ನಿಜವಾ?

ನಿಜ, ಆದರೆ ದೋಷ ಆಲೂಗಡ್ಡೆಯದ್ದಲ್ಲ. ನಮ್ಮಲ್ಲಿ ಇದು ಮಳೆಗಾಲದ ಬೆಳೆ. ಪಂಜಾಬಿನ ಜಲಂಧರ್ ಕಡೆಯ ಬಿತ್ತನೆ ಗೆಡ್ಡೆ ಹಾಸನದ ಎಪಿಎಂಸಿಗೆ ಬರುತ್ತದೆ. ಮೇ-ಜೂನ್‌ನಲ್ಲಿ ಬಿತ್ತಿದರೆ ಸುಮಾರು ಮೂರು ತಿಂಗಳಿಗೆ, ಮಳೆಯ ನಡುವೆಯೇ ಕೀಳುತ್ತಾರೆ. ಸಿಪ್ಪೆ ತೆಳು, ನೀರಿನಂಶ ಜಾಸ್ತಿ. ಚಳಿಗಾಲದಲ್ಲಿ ಬೆಳೆದು ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು ತರುವ ಉತ್ತರದ ಆಲೂಗಡ್ಡೆಯ ಹಾಗೆ ತಾಳಿಕೆ ಬರುವುದಿಲ್ಲ. ಅಂಗಮಾರಿ ರೋಗದಿಂದ ಕೈ ಸುಟ್ಟುಕೊಂಡ ರೈತರು ಜೋಳ, ಶುಂಠಿಯ ಕಡೆ ಹೋಗಿರುವುದರಿಂದ ಈಗ ಬೆಳೆಯುವವರೂ ಕಡಿಮೆ. ಹಾಗಾಗಿ ಸಂತೆಯಲ್ಲಿ ಕೆಮ್ಮಣ್ಣು ಮೆತ್ತಿದ ಹೊಸ ಗೆಡ್ಡೆ ಕಂಡರೆ ಬಿಡಬೇಡಿ.

ವಾರಕ್ಕಾಗುವಷ್ಟೇ ತನ್ನಿ. ತೊಳೆಯದೆ, ನೆರಳಿನಲ್ಲಿ ಹರಡಿ, ಮಣ್ಣು ಒಣಗಲು ಬಿಡಿ. ಈರುಳ್ಳಿ ಜೊತೆ ಒಂದೇ ಬುಟ್ಟಿಯಲ್ಲಿ ಇಡಬೇಡಿ. ಬೆಳಕು ಬಿದ್ದು ಹಸಿರಾದ ಭಾಗದಲ್ಲಿ ಸೊಲನೈನ್ ಎಂಬ ವಿಷದ ಅಂಶ ಇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಸ್ವಲ್ಪ ಹಸಿರಾದರೆ ದಪ್ಪಗೆ ಕೆತ್ತಿ ತೆಗೆಯಿರಿ, ಪೂರ್ತಿ ಹಸಿರಾಗಿದ್ದರೆ ಬಿಸಾಡಿ. ಹೊಸ ಆಲೂಗಡ್ಡೆಗೆ ಸಿಪ್ಪೆ ಹೆರೆಯುವ ಕೆಲಸವೇ ಇಲ್ಲ, ಹೆಬ್ಬೆರಳಲ್ಲಿ ಉಜ್ಜಿದರೆ ಸಾಕು. ಸಣ್ಣ ಗೆಡ್ಡೆಗಳನ್ನು ಇಡಿಯಾಗಿ ಬೇಯಿಸಿ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ ಹಾಕಿ ಎಣ್ಣೆಯಲ್ಲಿ ಹೊರಳಿಸಿ. ಬಿಸಿ ಅನ್ನ, ತಿಳಿಸಾರಿನ ಜೊತೆ ಇನ್ನೇನೂ ಬೇಡ.

ಮಕ್ಕಳು ಸೊಪ್ಪು ಮುಟ್ಟುವುದಿಲ್ಲ.

ಸಬ್ಬಸಿಗೆ ಸೊಪ್ಪಿನ ಅಕ್ಕಿ ರೊಟ್ಟಿಯಿಂದ ಶುರು ಮಾಡಿ. ಎರಡು ಲೋಟ ಅಕ್ಕಿ ಹಿಟ್ಟಿಗೆ ಸಣ್ಣಗೆ ಹೆಚ್ಚಿದ ಒಂದು ಕಟ್ಟು ಸೊಪ್ಪು, ಈರುಳ್ಳಿ, ಕಾಯಿತುರಿ, ಜೀರಿಗೆ, ಉಪ್ಪು. ಉಗುರು ಬೆಚ್ಚಗಿನ ನೀರಿನಲ್ಲಿ ಮೆತ್ತಗೆ ಕಲಸಿ, ಬಾಳೆಲೆಯ ಮೇಲೆ ತಟ್ಟಿ ಕಾವಲಿಗೆ ಹಾಕಿ. ಇದು ಒಪ್ಪಿಗೆಯಾದರೆ ಮುಂದಿನ ವಾರ ನುಗ್ಗೆ ಸೊಪ್ಪು. ಸೊಪ್ಪನ್ನು ರುಬ್ಬಿ ಬಚ್ಚಿಟ್ಟು ತಿನ್ನಿಸುವುದು ನನಗೆ ಇಷ್ಟವಿಲ್ಲ. ಏನು ತಿನ್ನುತ್ತಿದ್ದೇವೆ ಅಂತ ಮಕ್ಕಳಿಗೆ ಗೊತ್ತಿರಬೇಕು. ಸಂತೆಗೆ ಕರೆದುಕೊಂಡು ಹೋಗಿ, ಒಂದು ಕಟ್ಟು ಅವರ ಕೈಯಲ್ಲೇ ಆರಿಸಿ.

ಬೆಳಿಗ್ಗೆ ಡಬ್ಬಿಗೆ ಬೇಗ ಆಗುವಂಥದ್ದು ಏನು?

ಮೆಂತ್ಯ ಬಾತ್, ವಾಂಗಿಬಾತ್, ಬೀನ್ಸ್ ಪಲ್ಯ-ಚಪಾತಿ. ಬೀನ್ಸ್, ಎಲೆಕೋಸು ರಾತ್ರಿಯೇ ಹೆಚ್ಚಿಟ್ಟರೆ ತೊಂದರೆಯಿಲ್ಲ. ಬದನೆಕಾಯಿ ಮಾತ್ರ ಬೆಳಿಗ್ಗೆಯೇ ಹೆಚ್ಚಿ ಉಪ್ಪು ನೀರಿಗೆ ಹಾಕಿ, ಇಲ್ಲದಿದ್ದರೆ ಕಪ್ಪಾಗುತ್ತದೆ.

ಸಕಲೇಶಪುರ ಕಡೆಯಿಂದ ಕೆಸ, ಕಳಲೆ (ಎಳೆ ಬಿದಿರು), ಅಣಬೆ ಬರುತ್ತವೆ. ಮಾಡಲು ಭಯ.

ಸ್ವಲ್ಪ ಭಯ ಇರುವುದೇ ಒಳ್ಳೆಯದು. ಕೆಸುವಿನ ಎಲೆ, ದಂಟಿನಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಬಾಯಿ ಕೆರೆಯುವುದು ಅದಕ್ಕೇ. ಹೆಚ್ಚುವಾಗ ಕೈಗೆ ಎಣ್ಣೆ ಹಚ್ಚಿ, ಹುಣಸೆಹುಳಿ ಧಾರಾಳವಾಗಿ ಹಾಕಿ, ಚೆನ್ನಾಗಿ ಬೇಯಿಸಿ. ಕಳಲೆಯನ್ನು ತೆಳ್ಳಗೆ ಹೆಚ್ಚಿ, ದಿನಾ ನೀರು ಬದಲಾಯಿಸುತ್ತಾ ಎರಡು ಮೂರು ದಿನ ನೆನೆಸಿ, ಬೇಯಿಸಿ, ಆ ನೀರು ಚೆಲ್ಲಿ. ಹಸಿ ಕಳಲೆಯಲ್ಲಿ ಸೈನೈಡ್ ಉಂಟುಮಾಡುವ ಅಂಶ ಇರುತ್ತದೆ, ಆದ್ದರಿಂದ ಇದರಲ್ಲಿ ಅವಸರ ಬೇಡವೇ ಬೇಡ. ಕಾಡಿನ ಅಣಬೆಯ ವಿಷಯದಲ್ಲಿ ನನ್ನದು ಒಂದೇ ಮಾತು: ನಿಮಗೇ ಗುರುತು ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ. ವಿಷದ ಅಣಬೆ ಬೇಯಿಸಿದರೂ ವಿಷವೇ. ಬೆಳ್ಳಿ ನಾಣ್ಯ ಹಾಕಿ ನೋಡುವ ಪರೀಕ್ಷೆಗಳನ್ನು ನಂಬಬೇಡಿ.

ಟೊಮೆಟೊ ಬೆಲೆ ಏರಿದಾಗ ಏನು ಮಾಡುವುದು?

ಬಸ್ಸಾರಿಗೆ ಟೊಮೆಟೊ ಬೇಕಾಗಿಯೇ ಇಲ್ಲ. ಹುಣಸೆಹಣ್ಣು, ಬೇಸಿಗೆಯಲ್ಲಿ ಮಾವಿನಕಾಯಿ, ನಿಂಬೆಹಣ್ಣು, ಹುಳಿ ಮಜ್ಜಿಗೆ, ಹೀಗೆ ಹುಳಿಗೆ ದಾರಿ ಬೇಕಾದಷ್ಟಿದೆ. ಬೂದುಗುಂಬಳ, ಸೀಮೆಬದನೆ ಸಿಕ್ಕಿದರೆ ಮಜ್ಜಿಗೆ ಹುಳಿ ಮಾಡಿ. ಟೊಮೆಟೊ ಅಗ್ಗವಾಗಿ ಸುರಿಯುವ ವಾರ ಜಾಸ್ತಿ ತಂದು ಗೊಜ್ಜು ಮಾಡಿಡಿ.

ಉಳಿದ ಸಾರು, ಪಲ್ಯ ಎಷ್ಟು ಹೊತ್ತು ಇಡಬಹುದು?

ಅಡುಗೆ ಆದ ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ಅನ್ನಕ್ಕೂ ಇದೇ ಮಾತು. ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡಿದರೂ ಅದರಲ್ಲಿ ಆಗಲೇ ಹುಟ್ಟಿದ ವಿಷ ಬಿಸಿಗೆ ಹೋಗುವುದಿಲ್ಲ. ಕಾಯಿ ಹಾಕಿದ ಪಲ್ಯ ಬೇಗ ಹಳಸುತ್ತದೆ, ಮರುದಿನಕ್ಕೆ ಅಂತ ಎತ್ತಿಡುವ ಪಾಲಿಗೆ ಕಾಯಿ ಹಾಕಬೇಡಿ, ತಿನ್ನುವಾಗ ಉದುರಿಸಿ. ಬಸ್ಸಾರನ್ನು ಪೂರ್ತಿ ಬಿಸಿ ಮಾಡಿ ಮತ್ತೆ ಎತ್ತಿಡುವ ಬದಲು, ಆ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಬೇರೆ ಪಾತ್ರೆಗೆ ತೆಗೆದು ಕುದಿಸಿ.